ರೋಲು ಮಧ್ಯಾಹ್ನಕ್ಕೆ ಒಣಗಲಿ ಬಿಡಿ

2023ರ ಮಾರ್ಚ್‌ನಲ್ಲಿ ಗ್ಲಾಸ್ಗೋ ನಗರದ ಡ್ರಮ್‌ಚಾಪಲ್‌ನಲ್ಲಿರುವ ಮಾರ್ಟನ್ಸ್ ರೋಲ್ಸ್ ಎಂಬ ಬೇಕರಿ ಕಾರ್ಖಾನೆ ಇದ್ದಕ್ಕಿದ್ದಂತೆ ಬಾಗಿಲು ಹಾಕಿತು. 1965ರಲ್ಲಿ ಶುರುವಾದದ್ದು. ಇನ್ನೂರಕ್ಕೂ ಹೆಚ್ಚು ಜನ ಅಲ್ಲಿ ದುಡಿಯುತ್ತಿದ್ದರು. ಕಾರ್ಖಾನೆ ಮುಚ್ಚುವುದು ಈ ಊರಿಗೆ ಹೊಸದೇನಲ್ಲ. ಕ್ಲೈಡ್ ನದಿ ದಂಡೆಯ ಹಡಗುಕಟ್ಟೆಗಳು ಒಂದೊಂದಾಗಿ ಮುಚ್ಚಿದ್ದನ್ನು ಕಣ್ಣಾರೆ ಕಂಡ ಮುದುಕರು ಇನ್ನೂ ಇದ್ದಾರೆ. ಆದರೂ ಆ ವಾರ ನಾನು ಕೆಲಸ ಮಾಡುವ ಔಷಧಿ ಅಂಗಡಿಗೆ ಬಿಪಿ ಮಾತ್ರೆಗೆಂದು ಬಂದವರು, ಕೆಮ್ಮಿನ ಸಿರಪ್ಪಿಗೆಂದು ಬಂದವರು, ಎಲ್ಲರದೂ ಒಂದೇ ಪ್ರಶ್ನೆ: ನಾಳೆ ಬೆಳಿಗ್ಗೆ ರೋಲಿಗೇನು ಗತಿ? ಹಾಗಂತ ಬ್ರೆಡ್ಡಿಗೆ ಬರ ಬಂದಿರಲಿಲ್ಲ. ಸೂಪರ್‌ಮಾರ್ಕೆಟ್ಟಿನ ಕಪಾಟುಗಳು ಎಂದಿನಂತೆ ತುಂಬಿದ್ದವು. ಇವರಿಗೆ ಬೇಕಾದದ್ದು ಅದಲ್ಲ, ಅಷ್ಟೆ. ಕೆಲವೇ ವಾರಗಳಲ್ಲಿ ಹೊಸ ಹೂಡಿಕೆದಾರರು ಬಂದರು, ಕೆಲಸ ಕಳೆದುಕೊಂಡವರಲ್ಲಿ ಒಂದು ಪಾಲು ಜನ ವಾಪಸಾದರು, ರೋಲು ಅಂಗಡಿಗೆ ಬಂತು. ರೋಲು ಬಂದ ಮೇಲೆ ನಮ್ಮ ಅಂಗಡಿಯಲ್ಲಿ ಆ ಸುದ್ದಿಯೂ ನಿಂತಿತು. ವಾಪಸಾಗದ ಉಳಿದವರ ಬಗ್ಗೆ ಯಾರೂ ಕೇಳಿದ್ದು ನೆನಪಿಲ್ಲ.

ನಾನು ಸಾಗರ ಸೀಮೆಯವಳು. ಗಂಡನ ತೈಲ ಕಂಪನಿ ಕೆಲಸದ ಬೆನ್ನಿಗೆ ಬಿದ್ದು ಮೊದಲು ಅಬರ್ಡೀನ್, ಆಮೇಲೆ ಗ್ಲಾಸ್ಗೋ. ತೆಳ್ಳೇವು ತಿಂದು ಬೆಳೆದವಳಿಗೆ ಸ್ಕಾಟ್ಲೆಂಡಿನ ರೋಲಿನ ಉಸಾಬರಿ ಯಾಕೆ ಎಂದು ಅಕ್ಕ ಫೋನಿನಲ್ಲಿ ರೇಗಿಸುತ್ತಾಳೆ. ಉಸಾಬರಿ ಯಾಕೆಂದರೆ, ಇಲ್ಲಿ ಊರಿಗೊಂದು ಬಗೆಯ ರೋಲಿದೆ. ಅವು ಹಾಗೆ ಬೇರೆ ಬೇರೆಯಾಗಿ ಉಳಿದದ್ದಕ್ಕೆ ಜನ ಕೊಡುವ ಕಾರಣ ಒಂದು, ನಿಜವಾದ ಕಾರಣ ಇನ್ನೊಂದು ಎಂಬುದು ನನ್ನ ತಕರಾರು. ಜನ ಹೇಳುವುದು ಸಂಪ್ರದಾಯ, ಅಭಿಮಾನ, ಅಜ್ಜಿಯ ಕೈರುಚಿ. ನಾನು ಹೇಳುವುದು: ಅವು ಬೇಗ ಕೆಡುತ್ತವೆ, ಅದಕ್ಕೇ ಉಳಿದವು. ಬೆಳಿಗ್ಗೆ ಆರಕ್ಕೆ ಅಂಗಡಿಗೆ ಬಂದ ರೋಲು ಮಧ್ಯಾಹ್ನದ ಹೊತ್ತಿಗೆ ಚರ್ಮದ ಹಾಗೆ ಜಗ್ಗುತ್ತದೆ. ಅರ್ಧ ದಿನದಲ್ಲಿ ಕೆಡುವ ತಿಂಡಿಯನ್ನು ಲಾರಿಯಲ್ಲಿ ಇನ್ನೂರು ಮೈಲಿ ಸಾಗಿಸಿ ಲಾಭ ಮಾಡಲಾಗದು. ಹಾಗಾಗಿ ಅದನ್ನು ತಿನ್ನುವವರ ಪಕ್ಕದಲ್ಲೇ ಸುಡಬೇಕು. ಪಕ್ಕದಲ್ಲೇ ಸುಟ್ಟಾಗ ಆ ಊರಿನವರ ಹಲ್ಲಿಗೂ ನಾಲಿಗೆಗೂ ತಕ್ಕಂತೆ ಸುಡುತ್ತಾರೆ.

ಗ್ಲಾಸ್ಗೋದವರ ಹಲ್ಲು ಗಟ್ಟಿ. ಇಲ್ಲಿಯ ಬೆಳಗಿನ ರೋಲು ಅಂಗೈ ತುಂಬುವಷ್ಟು ದೊಡ್ಡದು, ಹೊರಗೆ ಗರಿಗರಿ, ಒಳಗೆ ಅರ್ಧ ಟೊಳ್ಳು. ಟ್ರೇಯಲ್ಲಿ ಒಂದಕ್ಕೊಂದು ತಾಗಿಸಿ ಇಟ್ಟು ಸುಡುವುದರಿಂದ ಬಿಡಿಸಿಕೊಂಡ ಪಕ್ಕೆಗಳು ಮಾತ್ರ ಬೆಳ್ಳಗೆ, ಹರಿದಂತೆ ಇರುತ್ತವೆ. ಅದರ ಮೇಲೆ ಇನ್ನೊಂದು ಮಜಲು ವೆಲ್ ಫೈರ್ಡ್ ರೋಲು. ಓವನ್ನಿನಲ್ಲಿ ಇನ್ನಷ್ಟು ಹೊತ್ತು ಬಿಟ್ಟು, ನೆತ್ತಿ ಕಾಫಿ ಬೀಜದ ಬಣ್ಣ ದಾಟಿ ಸೀದು ಕರ್ರಗಾಗುವವರೆಗೆ ಸುಟ್ಟದ್ದು. ಬೇರೆ ಊರಿನವರು ಇದನ್ನು ನೋಡಿ ಬೇಕರಿಯವನು ನಿದ್ದೆ ಹೋಗಿದ್ದನೇ ಎಂದು ಕೇಳುತ್ತಾರೆ. ಗ್ಲಾಸ್ಗೋದವರು ಇಂಥದ್ದೇ ಬೇಕೆಂದು ಹೇಳಿ, ಟ್ರೇಯ ತಳದವರೆಗೆ ಹುಡುಕಿಸಿ ಒಯ್ಯುತ್ತಾರೆ.

ನಮ್ಮ ಬೀದಿಯ ರೋಲಂಗಡಿಯ ಬೆಳಗನ್ನು ಒಮ್ಮೆ ನೋಡಬೇಕು. ಏಳಕ್ಕೆ ಹೋದರೆ ಹಳದಿ ಜಾಕೆಟ್ಟಿನ ಕಟ್ಟಡ ಕೆಲಸದವರು, ರಾತ್ರಿ ಪಾಳಿ ಮುಗಿಸಿದ ನರ್ಸುಗಳು ಸಾಲಿನಲ್ಲಿರುತ್ತಾರೆ. ಕೌಂಟರಿನಾಚೆಯ ಹೆಂಗಸು ಯಾರ ಮುಖವನ್ನೂ ನೋಡದೆ ಕೇಳುವುದು ಎರಡೇ ಪ್ರಶ್ನೆ: ಯಾವ ರೋಲು, ಒಳಗೇನು. ರೋಲನ್ನು ಎಡ ಅಂಗೈಯಲ್ಲಿಟ್ಟುಕೊಂಡು ಚಾಕುವಿನಲ್ಲಿ ಒಂದೇ ಎಳೆತಕ್ಕೆ ಸೀಳುತ್ತಾಳೆ, ಪೂರ್ತಿ ಬೇರೆಯಾಗದ ಹಾಗೆ. ಬೆಣ್ಣೆ ಸವರುತ್ತಾಳೆ. ಕಾವಲಿಯ ಮೇಲಿಂದ ಚೌಕಾಕಾರದ ಲಾರ್ನ್ ಸಾಸೇಜಿನ ಬಿಲ್ಲೆಯನ್ನು ಜಾರಿಸಿ, ರೋಲು ಮುಚ್ಚಿ, ಒಮ್ಮೆ ಅಂಗೈಯಿಂದ ಒತ್ತುತ್ತಾಳೆ. ಆಗ ಕೇಳುವ ಚರಕ್ ಸದ್ದಿನ ಮೇಲೇ ಆ ದಿನದ ರೋಲು ಹೇಗಿದೆ ಎಂದು ಹೇಳಬಹುದು. ನಾನು ಮಾಂಸ ತಿನ್ನುವುದಿಲ್ಲ, ಮೊಟ್ಟೆ ನಡೆಯುತ್ತದೆ. ನನ್ನ ಪಾಲಿಗೆ ಟ್ಯಾಟಿ ಸ್ಕೋನ್ ಇದೆ: ಬೇಯಿಸಿ ಕಿವುಚಿದ ಆಲೂಗಡ್ಡೆಗೆ ಮೈದಾ, ಬೆಣ್ಣೆ, ಉಪ್ಪು ಕಲಸಿ, ತಟ್ಟಿ, ತ್ರಿಕೋನವಾಗಿ ಕತ್ತರಿಸಿ ಕಾವಲಿಯ ಮೇಲೆ ಬೇಯಿಸಿದ್ದು. ಅದರ ಮೇಲೊಂದು ಕರಿದ ಮೊಟ್ಟೆ. ಕರಿದ ಆಲೂಗಡ್ಡೆಯ ಚಿಪ್ಸನ್ನೇ ತುಂಬಿಸಿಕೊಂಡು ಹೋಗುವವರೂ ಉಂಟು. ಪಿಷ್ಟದೊಳಗೆ ಪಿಷ್ಟ! ಔಷಧಿ ಅಂಗಡಿಯವಳಾಗಿ ನಾನು ಕಣ್ಣು ಮುಚ್ಚಿಕೊಳ್ಳುತ್ತೇನೆ, ತಿನ್ನುವವಳಾಗಿ ತೆರೆಯುತ್ತೇನೆ.

ಇಷ್ಟೆಲ್ಲ ತುಂಬಿಸಿದರೂ ಜಿಡ್ಡು, ಸಾಸು ಸೋರದ ಹಾಗೆ ಹಿಡಿದುಕೊಳ್ಳುವ ಮೈ ಈ ರೋಲಿಗಿದೆ. ಅದು ಸುಮ್ಮನೆ ಬರುವುದಿಲ್ಲ. ಗ್ಲುಟೆನ್ ಹೆಚ್ಚಿರುವ ಗಟ್ಟಿ ಗೋಧಿಯ ಹಿಟ್ಟು ಬೇಕು, ನಿಧಾನದ ಹುದುಗು ಬೇಕು. ಸ್ಕಾಟ್ಲೆಂಡಿನ ನೆಲದಲ್ಲಿ ಹಿಂದಿನಿಂದ ಬೆಳೆದು ಬಂದದ್ದು ಓಟ್ಸ್ ಮತ್ತು ಬಾರ್ಲಿ. ಬಡವರ ಮನೆಯ ರೊಟ್ಟಿಯೂ ಅದರದ್ದೇ. ಉತ್ತರದ ಆರ್ಕ್ನಿ ದ್ವೀಪಗಳಲ್ಲಿ ಬೇರ್ ಎಂಬ ಹಳೆಯ ಬಾರ್ಲಿ ತಳಿಯ ರೊಟ್ಟಿ ಇವತ್ತಿಗೂ ಇದೆ. ಗೋಧಿ ರೋಲು ದುಡಿಯುವವರ ದಿನದ ತಿಂಡಿಯಾದದ್ದು ಹತ್ತೊಂಬತ್ತನೇ ಶತಮಾನದಲ್ಲಿ. 1846ರಲ್ಲಿ ಧಾನ್ಯದ ಆಮದು ಸುಂಕ ಕಾಯ್ದೆ ರದ್ದಾಗಿ, ಮುಂದೆ ಉತ್ತರ ಅಮೆರಿಕದ ಗೋಧಿ ಹಡಗು ತುಂಬಿ ಕ್ಲೈಡ್ ನದಿಗೆ ಬರತೊಡಗಿದ ಮೇಲಿನ ಕಥೆ ಅದು. ಅಂದಿನ ಸ್ಕಾಟಿಷ್ ಬೇಕರಿಯವರು ಮಾಲ್ಟ್ ಮತ್ತು ಹಿಟ್ಟು ಸೇರಿಸಿ ತಾವೇ ಹುದುಗು ತಯಾರಿಸಿ, ಹಿಟ್ಟಿನ ಒಂದು ಪಾಲನ್ನು ರಾತ್ರಿಯಿಡೀ ಹುಳಿಯಲು ಬಿಟ್ಟು, ನಸುಕಿನಲ್ಲಿ ಉಳಿದ ಹಿಟ್ಟು ಸೇರಿಸಿ ನಾದುತ್ತಿದ್ದರು. 1869ರಲ್ಲಿ ಗ್ಲಾಸ್ಗೋ ಸುತ್ತಲ ಸಹಕಾರ ಸಂಘಗಳು ಕೂಡಿ ಯುನೈಟೆಡ್ ಕೋಆಪರೇಟಿವ್ ಬೇಕಿಂಗ್ ಸೊಸೈಟಿ ಕಟ್ಟಿದವು. ಮೆಕ್‌ನೀಲ್ ಬೀದಿಯ ಅದರ ಬೇಕರಿ ಅರಮನೆಯಂಥ ಕಟ್ಟಡವಾಗಿತ್ತು. ಕಾರ್ಮಿಕರದ್ದೇ ದುಡ್ಡಿನಲ್ಲಿ ಕಾರ್ಮಿಕರಿಗೆ ಕಲಬೆರಕೆಯಿಲ್ಲದ ಬ್ರೆಡ್ಡು.

ಪೂರ್ವಕ್ಕೆ ಹೋದಂತೆ ರೋಲು ಮೆತ್ತಗಾಗುತ್ತದೆ. ಬ್ಯಾಪ್ ಎನ್ನುವುದು ಈ ಎಲ್ಲಕ್ಕಿಂತ ಹಳೆಯದು, ಹದಿನಾರನೇ ಶತಮಾನದಿಂದಲೇ ಅದರ ಹೆಸರು ಕಾಗದಪತ್ರಗಳಲ್ಲಿ ಸಿಗುತ್ತದೆ. ಅಂಡಾಕಾರ ಅಥವಾ ದುಂಡಗೆ, ಮೇಲೆ ಹಿಟ್ಟಿನ ಪುಡಿ ಉದುರಿಸಿದ, ತುಟಿಗೆ ಬಿಳಿ ಮೀಸೆ ಬರೆಸುವ ರೋಲದು. ಆರ್ಕ್ನಿಯಲ್ಲಿ ಹುಟ್ಟಿದ ಎಫ್. ಮೇರಿಯನ್ ಮೆಕ್‌ನೀಲ್ 1929ರಲ್ಲಿ ‘ದ ಸ್ಕಾಟ್ಸ್ ಕಿಚನ್’ ಎಂಬ ಪುಸ್ತಕ ಬರೆದು ದೇಶದ ಅಡುಗೆಯನ್ನು ದಾಖಲೆಗೆ ತಂದರು. ಅವರ ಬ್ಯಾಪ್ ವಿಧಾನದಲ್ಲಿ ಹಾಲು, ನೀರು, ಹಂದಿ ಕೊಬ್ಬು ಎಲ್ಲವೂ ಇದೆ. ಓವನ್ನಿಗೆ ಹಾಕುವ ಮುಂಚೆ ನಡುವೆ ಬೆರಳಿನಿಂದ ಒಂದು ಕುಳಿ ಒತ್ತಬೇಕು, ಇಲ್ಲದಿದ್ದರೆ ನೆತ್ತಿಯಲ್ಲಿ ಗುಳ್ಳೆ ಏಳುತ್ತದೆ. ಸರಿಯಾದ ಬ್ಯಾಪ್ ಬಾಯಿಗೆ ಬಹಳ ಹಿತ. ಆದರೆ ನಿಜ ಹೇಳಬೇಕೆಂದರೆ ಪ್ಯಾಕೆಟ್ಟಿನ ಬನ್ನು ಅತಿ ಸುಲಭವಾಗಿ ಅನುಕರಿಸಿ ಕೆಡಿಸಿದ್ದು ಇದನ್ನೇ. ಮೆತ್ತಗಿರುವುದನ್ನು ಯಂತ್ರ ಚೆನ್ನಾಗಿ ಮಾಡುತ್ತದೆ. ಟೊಳ್ಳು, ಗರಿ, ಕಹಿ ಅದಕ್ಕೆ ಬಾರದು.

ಅಬರ್ಡೀನಿನ ವಿಷಯವೇ ಬೇರೆ. ಅಲ್ಲಿಯವರು ರೋವಿ ಎಂದೂ ಬಟರಿ ಎಂದೂ ಕರೆಯುವ ತಿಂಡಿಯನ್ನು ನೋಡಿದರೆ ರೋಲು ಎನ್ನಲು ಮನಸ್ಸು ಬರುವುದಿಲ್ಲ. ಯಾರೋ ಅದರ ಮೇಲೆ ಕುಳಿತು ಎದ್ದಂತೆ ಚಪ್ಪಟೆ, ಅಂಕುಡೊಂಕು, ಕಂದು ಬಣ್ಣ. ಈಸ್ಟ್ ಹಾಕಿದ ಕಣಕವನ್ನು ಹರಡಿ, ಬೆಣ್ಣೆ ಮತ್ತು ಹಂದಿ ಕೊಬ್ಬನ್ನು ಕೂಡಿಸಿ ಅದರ ಮೇಲೆ ಸವರಿ, ಮಡಚಿ, ಲಟ್ಟಿಸಿ, ಮತ್ತೆ ಸವರಿ ಮಡಚುತ್ತಾರೆ. ಆಮೇಲೆ ತುಂಡು ಮಾಡಿ, ಟ್ರೇಯಲ್ಲಿಟ್ಟು ಬೆರಳ ಗೆಣ್ಣಿನಿಂದ ಒತ್ತುತ್ತಾರೆ. ಪದರಗಳು ಅಚ್ಚುಕಟ್ಟಾಗಿ ಬರಬೇಕೆಂಬ ಹಟವೇನೂ ಇಲ್ಲ. ಉಪ್ಪು ಮಾತ್ರ ನಾಲಿಗೆ ಹಿಂಡುವಷ್ಟು. ಬಿಸಿ ಮಾಡಿ, ತಳ ಮೇಲೆ ಬರುವಂತೆ ತಿರುಗಿಸಿ, ಆ ಚಪ್ಪಟೆ ಬದಿಗೆ ಬೆಣ್ಣೆ ಅಥವಾ ಜಾಮ್ ಹಚ್ಚುತ್ತಾರೆ. ಇಷ್ಟು ಕೊಬ್ಬಿರುವುದರ ಮೇಲೆ ಮತ್ತೆ ಬೆಣ್ಣೆಯೇ ಎಂದು ಅಲ್ಲಿ ಕೇಳಬಾರದು. ಅದೇ ಊರಿನಲ್ಲಿ ಸಾಧಾರಣ ಮೆತ್ತನೆಯ ರೋಲೂ ಇದೆ, ಅದಕ್ಕೆ ಸಾಫ್ಟಿ ಎಂದು ಬೇರೆ ಹೆಸರು.

ಅಲ್ಲಿದ್ದಾಗ ಗಂಡನ ಆಫೀಸಿನಲ್ಲಿ ಶುಕ್ರವಾರವೆಂದರೆ ರೋವಿ. ಯಾರ ಸರದಿಯೋ ಅವರು ಬೇಕರಿಯಿಂದ ಕಾಗದದ ಚೀಲ ತುಂಬ ತರಬೇಕು, ಹತ್ತು ಗಂಟೆಯ ಚಹಾದ ಹೊತ್ತಿಗೆ ಚೀಲದ ತಳ ಎಣ್ಣೆಯಿಂದ ಪಾರದರ್ಶಕವಾಗಿರಬೇಕು. ನಮ್ಮ ಸರದಿ ಬಂದಾಗ ಬೇಕರಿಗೆ ಹೋದವಳು ನಾನು. ಇದಕ್ಕೆ ಹಂದಿ ಕೊಬ್ಬು ಹಾಕುತ್ತೀರಾ ಎಂದೆ. ಕೌಂಟರಿನಲ್ಲಿದ್ದ ಹಿರಿಯ ಒಂದು ಕ್ಷಣ ನನ್ನನ್ನೇ ನೋಡಿದ. ಹಾಕದೆ ಇದ್ದರೆ ಅದು ರೋವಿಯೇ ಅಲ್ಲ ಎನ್ನುವ ಉತ್ತರ ಅವನ ಮುಖದಲ್ಲೇ ಇತ್ತು. ಆಮೇಲೆ ದನಿ ತಗ್ಗಿಸಿ, ಎರಡು ಬೀದಿ ಆಚೆಗಿನ ಬೇಕರಿಯವರು ಸಸ್ಯಜನ್ಯ ಕೊಬ್ಬಿನದು ಮಾಡುತ್ತಾರೆ, ಅಲ್ಲಿ ಹೋಗಿ ಅಂದ. ತನ್ನ ಗಿರಾಕಿಯನ್ನು ಪಕ್ಕದವನ ಅಂಗಡಿಗೆ ಕಳಿಸುವ ಬೇಕರಿಯವನ ಮೇಲೆ ನನಗೆ ಅಂದಿನಿಂದ ಗೌರವ. ಆಫೀಸಿನವರಿಗೆ ಇವನದು, ನಮಗಿಬ್ಬರಿಗೆ ಅವರದು ಎಂದು ಎರಡು ಚೀಲ ಒಯ್ದೆವು. ಸಸ್ಯಜನ್ಯ ಕೊಬ್ಬಿನದು ರುಚಿಯಲ್ಲಿ ಒಂದು ಕೈ ಕಡಿಮೆ ಎಂದು ಎರಡನ್ನೂ ತಿಂದವರು ಹೇಳುತ್ತಾರೆ. ನನಗೆ ಅದೇ ಸಾಕು.

ಇಲ್ಲಿ ನನ್ನ ವಾದಕ್ಕೆ ಅಬರ್ಡೀನ್ ಅಡ್ಡಬರುತ್ತದೆ. ಬಟರಿ ಬೇಗ ಕೆಡುವ ತಿಂಡಿಯಲ್ಲ. ಸಮುದ್ರಕ್ಕೆ ಹೋಗುವ ಮೀನುಗಾರರಿಗೆ ದಿನಗಟ್ಟಲೆ ಬಾಳುವ ಬ್ರೆಡ್ಡು ಬೇಕಾಗಿತ್ತು, ಅದಕ್ಕೇ ಇಷ್ಟು ಕೊಬ್ಬು, ಇಷ್ಟು ಉಪ್ಪು ಎಂಬ ಕಥೆ ಆ ಊರಿನಲ್ಲಿ ಮಕ್ಕಳಿಗೂ ಗೊತ್ತು. ನಾನು ಈ ಕಥೆಯನ್ನು ಅರ್ಧ ನಂಬುತ್ತೇನೆ. ಕೊಬ್ಬು ಬ್ರೆಡ್ಡನ್ನು ಒಣಗಗೊಡದು, ಸರಿ. ಆದರೆ ತಿಂಗಳುಗಟ್ಟಲೆ ಬಾಳುವ ಗಟ್ಟಿ ಬಿಸ್ಕತ್ತು ಹಡಗಿನವರಿಗೆ ಆಗಲೇ ಇತ್ತು. ಇಷ್ಟೊಂದು ಬೆಣ್ಣೆ ಸುರಿದದ್ದು ಬರೀ ಬಾಳಿಕೆಗಲ್ಲ, ಚಳಿಯಲ್ಲಿ ದುಡಿಯುವವನ ಹೊಟ್ಟೆಗೂ ಬಾಯಿಗೂ. ಅದೇನೇ ಇರಲಿ, ಬಾಳಿಕೆ ಬರುವ ತಿಂಡಿಗೆ ಏನಾಗುತ್ತದೆ ಎಂಬುದನ್ನು ಬಟರಿಯೇ ತೋರಿಸುತ್ತಿದೆ. ಪ್ಲಾಸ್ಟಿಕ್ ಪ್ಯಾಕೆಟ್ಟಿನಲ್ಲಿ ನಾಲ್ಕು ನಾಲ್ಕು ಕಟ್ಟಿದ ಬಟರಿ ಈಗ ಗ್ಲಾಸ್ಗೋದ ಸೂಪರ್‌ಮಾರ್ಕೆಟ್ಟಿನಲ್ಲೂ ಸಿಗುತ್ತದೆ. ಅದು ದಪ್ಪಗಿದೆ, ಮೆತ್ತಗಿದೆ, ಉಪ್ಪು ತಗ್ಗಿದೆ. ಅಬರ್ಡೀನನ್ನೇ ಕಾಣದವರ ಬಾಯಿಗೂ ಸೇರಬೇಕಲ್ಲ. ಪ್ರಯಾಣ ಮಾಡಲು ಬಂದದ್ದಕ್ಕೆ ತೆತ್ತ ಬೆಲೆ ಅದು. ಗ್ಲಾಸ್ಗೋದ ಗರಿ ರೋಲಿಗೆ ಆ ಬೆಲೆ ತೆರುವ ಅವಕಾಶವೇ ಇಲ್ಲ. ಪ್ಲಾಸ್ಟಿಕ್ ಚೀಲದೊಳಗೆ ಹಾಕಿದ ಕೆಲವೇ ಗಂಟೆಯಲ್ಲಿ ಒಳಗಿನ ತೇವ ಹೊರಮೈಗೆ ಬಂದು ಗರಿ ಸತ್ತುಹೋಗುತ್ತದೆ. ಬಚಾವು.

ಬಾಳಿಕೆಯ ಹುಚ್ಚು ಇತ್ತೀಚಿನದಲ್ಲ. 1961ರಲ್ಲಿ ಇಂಗ್ಲೆಂಡಿನ ಚಾರ್ಲಿವುಡ್ ಎಂಬಲ್ಲಿನ ಬೇಕಿಂಗ್ ಸಂಶೋಧನಾಲಯ ಹೊಸ ವಿಧಾನವೊಂದನ್ನು ಕಂಡುಹಿಡಿಯಿತು. ಹಿಟ್ಟನ್ನು ಭಾರೀ ವೇಗದಲ್ಲಿ ಕೆಲವೇ ನಿಮಿಷ ಗಿರಗಿರನೆ ತಿರುಗಿಸಿದರೆ ರಾತ್ರಿಯಿಡೀ ಹುಳಿಯುವ ಕೆಲಸವೇ ಬೇಡ, ಹಿಟ್ಟಿನಿಂದ ಬ್ರೆಡ್ಡಿಗೆ ಮೂರೂವರೆ ಗಂಟೆ. ಬ್ರಿಟನ್ನಿನ ಮೃದು ಗೋಧಿಯೂ ಸಾಕು. ಇವತ್ತು ಇಲ್ಲಿನ ಬಹುಪಾಲು ಬ್ರೆಡ್ಡು ಹೀಗೇ ತಯಾರಾಗುತ್ತದೆ. ಇದರಿಂದ ಬ್ರೆಡ್ಡು ಅಗ್ಗವಾಯಿತು, ವಾರವಿಡೀ ಮೆತ್ತಗಿತ್ತು. ಬಡ ಮನೆಗಳಿಗೆ ಅದು ಸಣ್ಣ ಉಪಕಾರವಲ್ಲ, ಅದನ್ನು ಹಳಿಯುವವರ ಸಾಲಿನಲ್ಲಿ ನಾನು ನಿಲ್ಲುವುದಿಲ್ಲ. ಆದರೆ ಎಲ್ಲ ಕಡೆ ಒಂದೇ ಬ್ರೆಡ್ಡು ಎಂಬುದು ಶುರುವಾದದ್ದೂ ಅಲ್ಲಿಂದಲೇ. ಈಗ ಸೂಪರ್‌ಮಾರ್ಕೆಟ್ಟಿನ ಒಳಗೇ ಬೇಕರಿ ಮೂಲೆಯಿದೆ, ಬಿಸಿ ಬ್ರೆಡ್ಡಿನ ಪರಿಮಳವೂ ಇದೆ. ಅರೆಬೆಂದ ರೋಲುಗಳನ್ನು ಎಲ್ಲಿಂದಲೋ ಫ್ರೀಜ್ ಮಾಡಿ ತಂದು ಅಲ್ಲಿ ಬಣ್ಣ ಬರಿಸುವುದು ಬಹಳ ಕಡೆಯ ಪದ್ಧತಿ.

ಸ್ಕಾಟ್ಲೆಂಡಿನ ಆರ್‌ಬ್ರೋತ್ ಊರಿನ ಹೊಗೆಯಾಡಿಸಿದ ಮೀನಿಗೆ 2004ರಲ್ಲಿ, ಸ್ಟಾರ್ನೊವೆಯ ರಕ್ತದ ಸಾಸೇಜಿಗೆ 2013ರಲ್ಲಿ ಭೌಗೋಳಿಕ ಮಾನ್ಯತೆ (ಜಿಐ) ಸಿಕ್ಕಿದೆ. ರೋಲಿಗೂ ಸಿಗಲಿ ಎಂದು ಯಾರಾದರೂ ಅಂದರೆ ನನ್ನ ಓಟಿಲ್ಲ. ಧಾರವಾಡ ಪೇಡಕ್ಕೆ ಜಿಐ ಸಿಕ್ಕಿದ್ದು ಸಾರ್ಥಕ, ಯಾಕೆಂದರೆ ಡಬ್ಬಿಯಲ್ಲಿ ಕುಳಿತು ರೈಲು ಹತ್ತಿ ಮುಂಬೈಗೆ ಹೋಗುವ ಪೇಡಕ್ಕೆ ನಕಲಿಗಳ ಕಾಟವಿದೆ. ಊರು ಬಿಟ್ಟು ಹೊರಡದ ರೋಲಿಗೆ ನಕಲಿಯ ಭಯವಿಲ್ಲ. ಅದಕ್ಕಿರುವ ಭಯ ರಾತ್ರಿ ಹನ್ನೆರಡಕ್ಕೆ ಎದ್ದು ಹಿಟ್ಟು ನಾದಲು ಜನ ಸಿಗದಿರುವುದು, 2022ರ ಉಕ್ರೇನ್ ಯುದ್ಧದ ಮೇಲೆ ಏರಿದ ಹಿಟ್ಟಿನ ಬೆಲೆ, ಓವನ್ನಿನ ಗ್ಯಾಸ್ ಬಿಲ್ಲು. ಪಟ್ಟ ಕಟ್ಟಿದರೆ ಬಿಲ್ಲು ಇಳಿಯುತ್ತದೆಯೇ? ಸರ್ಕಾರಕ್ಕೆ ನಿಜವಾಗಿ ಕಾಳಜಿಯಿದ್ದರೆ ರಾತ್ರಿ ಪಾಳಿಯ ಬೇಕರಿಗಳ ಇಂಧನ ಖರ್ಚಿಗೆ ಹೆಗಲು ಕೊಡಲಿ, ಬೇಕರಿ ಕೆಲಸ ಕಲಿಯುವ ಹುಡುಗರಿಗೆ ರಾತ್ರಿ ದುಡಿಮೆಗೆ ತಕ್ಕ ಸಂಬಳ ಸಿಗುವಂತೆ ನೋಡಲಿ.

ಇನ್ನು ಸೀದ ರೋಲಿನ ಮೇಲಿನ ಆರೋಪ. 2017ರ ಜನವರಿಯಲ್ಲಿ ಬ್ರಿಟನ್ನಿನ ಆಹಾರ ಗುಣಮಟ್ಟ ಸಂಸ್ಥೆ, ಬ್ರೆಡ್ಡು ಆಲೂಗಡ್ಡೆಗಳನ್ನು ಹೊನ್ನಿನ ಬಣ್ಣಕ್ಕಿಂತ ಹೆಚ್ಚು ಸುಡಬೇಡಿ ಎಂದು ಪ್ರಚಾರ ಶುರುಮಾಡಿತು. ಪಿಷ್ಟದ ಪದಾರ್ಥ 120 ಡಿಗ್ರಿ ದಾಟಿ ಕಾದಾಗ ಆಕ್ರಿಲಮೈಡ್ ಎಂಬ ರಾಸಾಯನಿಕ ಹುಟ್ಟುತ್ತದೆ, ಕಪ್ಪಾದಷ್ಟೂ ಹೆಚ್ಚು. ಪ್ರಾಣಿಗಳಲ್ಲಿ ಅದು ಕ್ಯಾನ್ಸರ್ ತರುವುದು ಕಂಡಿದೆ. ಆಹಾರದ ಮೂಲಕ ಮನುಷ್ಯರಲ್ಲಿ ತರುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆ ಸಿಕ್ಕಿಲ್ಲ. ಆ ದಿನಗಳಲ್ಲಿ ಗಿರಾಕಿಗಳು ಔಷಧಿ ಚೀಟಿಯ ಜೊತೆಗೇ ಈ ಪ್ರಶ್ನೆಯನ್ನೂ ಮುಂದಿಡುತ್ತಿದ್ದರು: ಕರಿ ರೋಲು ಬಿಡಬೇಕಾ? ವಾರಕ್ಕೆ ಎಷ್ಟು ತಿನ್ನುತ್ತೀರಿ ಎಂದು ನಾನು ಮೊದಲು ಕೇಳುತ್ತಿದ್ದೆ. ಭಾನುವಾರ ಪೇಪರಿನ ಜೊತೆ ಒಂದು ಎಂದರೆ, ತಿನ್ನಿ ಎನ್ನುತ್ತಿದ್ದೆ. ದಿನಾ ಎರಡು, ಒಳಗೆ ಸಾಸೇಜು ಎಂದರೆ, ಕರಿ ನೆತ್ತಿಯ ಚಿಂತೆ ಆಮೇಲೆ, ಮೊದಲು ಆ ಸಾಸೇಜಿನ ಉಪ್ಪು ಕೊಬ್ಬಿನ ಲೆಕ್ಕ ನೋಡೋಣ ಅನ್ನುತ್ತಿದ್ದೆ. ಸ್ಕಾಟ್ಲೆಂಡಿನಲ್ಲಿ 2011ರಿಂದ ವೈದ್ಯರು ಬರೆದ ಔಷಧಿಗೆ ರೋಗಿ ದುಡ್ಡು ಕೊಡಬೇಕಿಲ್ಲ. ಬಿಪಿ, ಕೊಲೆಸ್ಟರಾಲ್ ಮಾತ್ರೆಗಳ ಚೀಲ ಕೈಗಿಟ್ಟು ಕಳಿಸುವುದು ನನ್ನ ದಿನದ ದೊಡ್ಡ ಕೆಲಸ. ಈ ತಿಂಡಿಗಳನ್ನು ಹೊಗಳುವವಳಿಗೆ ಆ ಚೀಲಗಳ ತೂಕವೂ ಗೊತ್ತಿರಬೇಕು. ರೋವಿಯನ್ನು ಗಂಡನ ಆಫೀಸಿನವರು ಶುಕ್ರವಾರಕ್ಕೆ ಇಟ್ಟುಕೊಂಡದ್ದು ಜಾಣತನವೆಂದೇ ನನ್ನ ಲೆಕ್ಕ.

ನಮ್ಮ ಕಡೆಯ ಮಕ್ಕಳು ಈಗ ಗ್ಲಾಸ್ಗೋ, ಎಡಿನ್‌ಬರೋ, ಅಬರ್ಡೀನ್ ವಿಶ್ವವಿದ್ಯಾಲಯಗಳಿಗೆ ಓದಲು ಬರುತ್ತಿದ್ದಾರೆ. ಅವರಿಗೆ, ಅವರನ್ನು ನೋಡಲು ಬರುವ ಅಪ್ಪ ಅಮ್ಮಂದಿರಿಗೆ ಇಷ್ಟು ಹೇಳಬಲ್ಲೆ. ರೋಲಂಗಡಿಗೆ ಬೆಳಿಗ್ಗೆ ಎಂಟರೊಳಗೆ ಹೋಗಿ, ಹನ್ನೊಂದರ ಮೇಲೆ ಹೋಗಿ ನಿರಾಶರಾಗಬೇಡಿ. ಹಂದಿ ಕೊಬ್ಬು ಇದೆಯೇ ಎಂದು ಸಂಕೋಚವಿಲ್ಲದೆ ಕೇಳಿ, ಬಟರಿಗೂ ಬ್ಯಾಪಿಗೂ ಎರಡಕ್ಕೂ ಕೇಳಬೇಕು. ಮೊದಲ ಸಲಕ್ಕೆ ಕರಿ ರೋಲು ಬೇಡ, ಗರಿ ರೋಲಿನಿಂದ ಶುರುಮಾಡಿ. ಉಳಿದದ್ದನ್ನು ಫ್ರಿಜ್ಜಿನಲ್ಲಿಟ್ಟರೆ ಹೊರಗಿಟ್ಟದ್ದಕ್ಕಿಂತ ಬೇಗ ಗಡುಸಾಗುತ್ತದೆ. ಇಡಲೇಬೇಕಿದ್ದರೆ ಫ್ರೀಜರಿನಲ್ಲಿಡಿ. ಬಟರಿಯನ್ನು ಬಿಸಿ ಮಾಡುವುದು ಗ್ರಿಲ್ ಕೆಳಗೆ, ಟೋಸ್ಟರಿನಲ್ಲಿ ಅಲ್ಲವೇ ಅಲ್ಲ. ಕೊಬ್ಬು ಕರಗಿ ಟೋಸ್ಟರಿನ ತಂತಿಯ ಮೇಲೆ ತೊಟ್ಟಿಕ್ಕಿ ಹೊಗೆಯೇಳುತ್ತದೆ. 2022ರ ಫೆಬ್ರವರಿಯಿಂದ ಸ್ಕಾಟ್ಲೆಂಡಿನ ಎಲ್ಲ ಮನೆಗಳಲ್ಲೂ ಒಂದಕ್ಕೊಂದು ಜೋಡಿಸಿದ ಹೊಗೆ ಅಲಾರಂ ಇರಬೇಕೆಂದು ಕಾನೂನಾಗಿದೆ. ಹೊಗೆ ಹೋಗಿ ನಡುಮನೆಯದು ಕೂಗಿಕೊಂಡರೆ ಉಳಿದವೂ ಕೂಗುತ್ತವೆ, ಹಿಂದೆಯೇ ಮನೆ ಮಾಲೀಕರ ಫೋನು.